ಕನ್ಹೇರಿಯ ಕಲ್ಲಿನ ಪಂಕ್ತಿ

ನಮ್ಮ ಹೋಟೆಲಿನ ಅಡುಗೆಮನೆಯ ನೆಲ ಕುಸಿಯಿತು ಎಂಬ ಸುದ್ದಿ ಬಂದಾಗ ನನಗೆ ಒಳಗೊಳಗೇ ಖುಷಿಯಾಯಿತು. ಹಾಗೆ ಖುಷಿಪಡಬಾರದು, ಗೊತ್ತು. ಕುಸಿದದ್ದು ಪಾತ್ರೆ ತೊಳೆಯುವ ಜಾಗದ ಒಂದು ಮೂಲೆ ಮಾತ್ರ; ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಕೆಳಗಿನ ಪೈಪುಗಳನ್ನೆಲ್ಲ ಬದಲಾಯಿಸಿ ಹೊಸ ನೆಲ ಹಾಕುವವರೆಗೆ, ಒಂದು ವಾರವಾದರೂ, ಬಾಗಿಲು ಮುಚ್ಚಲೇಬೇಕು ಎಂದರಂತೆ ಕಂಟ್ರಾಕ್ಟರು. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಹತ್ತಿರದ ಆ ಹೋಟೆಲು ನನ್ನ ಮಾವನವರ ಕಾಲದ್ದು. ಮುಂಬಯಿಯಲ್ಲಿ ಮೊಣಕಾಲು ಮುಳುಗುವಷ್ಟು ನೀರು ನಿಂತ ದಿನಗಳಲ್ಲೂ ಅಲ್ಲಿ ಇಡ್ಲಿ ಬೆಂದಿದೆ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಆಂಟಾಪ್ ಹಿಲ್‌ನ ನಮ್ಮ ಮನೆಯಿಂದ ಹೊರಡುವ ನನ್ನ ಗಂಡ, ಈಗ ಒಂದು ವಾರ ಎಲ್ಲಿಗೂ ಹೋಗುವ ಹಾಗಿಲ್ಲ. ನನ್ನ ಖುಷಿಗೆ ಕಾರಣ ಅದೇ.

ಇನ್ನೊಂದು ಕಾರಣವೂ ಇತ್ತು. ಅಂಧೇರಿಯ ಒಂದು ಆಫೀಸಿನಲ್ಲಿ ಕೆಲಸ ಮಾಡುವ ನಮ್ಮ ಮಗಳು, ದಸರೆಯಲ್ಲೇ ಮುಂಚಿತವಾಗಿ ನಮ್ಮಿಬ್ಬರಿಗೂ ಉದಯಪುರಕ್ಕೆ ರೈಲಿನ ಟಿಕೆಟ್ ತೆಗೆದಿದ್ದಳು. ದೀಪಾವಳಿ ಕಳೆದ ಮೇಲೆ ಹೋಗುವುದು, ಕೆರೆಗೆ ಮುಖ ಮಾಡಿದ ಕಿಟಕಿಯಿರುವ ಕೋಣೆಯಲ್ಲಿ ನಾಲ್ಕು ದಿನ ಇರುವುದು. ಅವಳು ಫೋನಿನಲ್ಲಿ ಕೋಣೆಯ ಚಿತ್ರ ತೋರಿಸಿದಾಗ ನಾನು ಕಿಟಕಿಯ ಚೌಕಟ್ಟಿನ ಮೇಲಿನ ಸಣ್ಣ ಸಣ್ಣ ಬಣ್ಣದ ಗಾಜುಗಳನ್ನೇ ನೋಡುತ್ತ ಕುಳಿತೆ. ಇವರು ಕನ್ನಡಕ ಹಣೆಗೇರಿಸಿ ಒಮ್ಮೆ ನೋಡಿದರು.

"ಉದಯಪುರದಲ್ಲಿ ನಮ್ಮವರು ಯಾರಿದ್ದಾರೆ?" ಎಂದರು.

ಯಾರೂ ಇಲ್ಲ ಎಂದಳು ಮಗಳು.

"ಮತ್ತೆ? ಯಾರೂ ಕಾಯದ ಊರಿಗೆ ಹೋಗಿ ಎಂತ ಮಾಡುವುದು ಮಾರಾಯ್ತಿ? ಕ್ಯಾನ್ಸಲ್ ಮಾಡು."

ಇದು ಜಿಪುಣತನದ ಮಾತಲ್ಲ. ಇವರು ನಂಬುವುದೇ ಹಾಗೆ. ನಮ್ಮ ಉಡುಪಿ ಕಡೆಯ ಹೋಟೆಲಿನವರಿಗೆ ಪ್ರಯಾಣ ಎಂದರೆ ಊರಿಗೆ ಹೋಗುವುದು. ಮದುವೆಗೆ, ಉಪನಯನಕ್ಕೆ, ಭೂತದ ಕೋಲಕ್ಕೆ, ನಾಗನ ಕಲ್ಲಿಗೆ ತನು ಎಂದು ಹಾಲೆರೆಯಲಿಕ್ಕೆ. ರೈಲು ಇಳಿದ ಕೂಡಲೇ ಯಾರಾದರೂ ಬ್ಯಾಗಿಗೆ ಕೈ ಹಾಕಬೇಕು, ಮನೆಯ ಅಂಗಳದಲ್ಲಿ ಕಾಲಿಗೆ ನೀರು ಕೊಡಬೇಕು. ಜೀವಮಾನವೆಲ್ಲ ಪ್ರಯಾಣಿಕರಿಗೆ ತಿಂಡಿ ಬಡಿಸಿದ ಮನುಷ್ಯ ತಾನು ಒಮ್ಮೆಯೂ ಪ್ರಯಾಣಿಕನಾಗಿರಲಿಲ್ಲ. ಮದುವೆಯಾದ ಹೊಸತರಲ್ಲಿ, "ಮುಂದಿನ ವರ್ಷ ಎಲ್ಲಿಗಾದರೂ ಹೋಗುವ" ಎಂದಿದ್ದರು. ಆ ಮುಂದಿನ ವರ್ಷ ಹಾಗೇ ಮುಂದೆ ಮುಂದೆ ಹೋಗುತ್ತ, ಮಗಳ ಸಂಬಳದವರೆಗೆ ಬಂದು ನಿಂತಿತ್ತು.

ನಾನೇನು ಮನೆಯಲ್ಲಿ ಕುಳಿತು ಕಣ್ಣೀರು ಹಾಕಿದವಳಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ನಾವು ಚಿಕ್ಕವರಿದ್ದಾಗ ಒಬ್ಬ ಸಿಸ್ಟರ್ ನಮ್ಮನ್ನು ಮಧ್ಯಾಹ್ನದ ಹೊತ್ತು ಕಾಂಪೌಂಡಿನೊಳಗೇ ನಡೆಸುತ್ತಿದ್ದರು. ನಿನ್ನೆ ಕಾಣದ್ದನ್ನು ಇವತ್ತು ಕಂಡು ಹಿಡಿದು ಹೇಳಬೇಕು, ಅಷ್ಟೇ ಪಾಠ. ಒಬ್ಬಳು ಹೊಸ ಗೂಡು ತೋರಿಸುತ್ತಿದ್ದಳು, ಇನ್ನೊಬ್ಬಳು ಗಂಟೆಯ ಹಗ್ಗದ ಹೊಸ ಗಂಟು. ಆ ಚಟ ನನ್ನನ್ನು ಬಿಡಲಿಲ್ಲ. ಮದುವೆಯಾಗಿ ಈ ಶಹರಕ್ಕೆ ಬಂದು, ಮಗಳು ಶಾಲೆಗೆ ಹೋಗಲು ಶುರುಮಾಡಿದ ಮೇಲೆ, ಮಧ್ಯಾಹ್ನದ ಖಾಲಿ ಬಸ್ಸುಗಳಲ್ಲಿ ಒಬ್ಬಳೇ ತಿರುಗಿದ್ದೇನೆ. ಬೈಕುಲ್ಲಾದ ಹಳೆಯ ಉದ್ಯಾನದಲ್ಲಿ ಒಂದು ಮರದ ಬೊಡ್ಡೆಯಿಂದಲೇ ಹೂವು ಬಿಡುವುದನ್ನು ನೋಡಿದ್ದೇನೆ. ಗಿರ್ಗಾಂವದ ಮರದ ಮನೆಗಳ ಓಣಿಯಲ್ಲಿ ಮೆಟ್ಟಿಲಿನ ಕೈಹಿಡಿಗೆ ಉಣ್ಣೆಯ ಕವಚ ಹೆಣೆದು ಹಾಕಿದ ಒಬ್ಬ ಮುದುಕಿ ನನಗೆ ನೀರು ಕೊಟ್ಟಿದ್ದಾಳೆ. ಬಾಣಗಂಗೆಯ ಕೊಳದ ಮೆಟ್ಟಿಲಲ್ಲಿ ಬಾತುಕೋಳಿಗಳು ಸಾಲಾಗಿ ಇಳಿಯುವಾಗ ಕೊನೆಯದು ಮಾತ್ರ ಯಾವಾಗಲೂ ಒಂದು ಕ್ಷಣ ಅನುಮಾನಿಸುತ್ತದೆ. ಪ್ರತಿ ಬಾರಿಯೂ ಒಂದು ಹೊಸ ಊರಿಗೆ ಹೋಗಿಬಂದಷ್ಟು ಹಗುರವಾಗಿ ಮನೆಗೆ ಮರಳಿದ್ದೇನೆ.

ಆದರೆ "ಅಲ್ಲಿ ನೋಡಿ" ಎಂದು ಹೇಳಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ. ಸಂಜೆ ಹೇಳೋಣವೆಂದರೆ ಇವರು ಬರುವಾಗ ದಣಿದು ಹಣ್ಣಾಗಿರುತ್ತಿದ್ದರು. ಬಾತುಕೋಳಿಯ ವಿಷಯ ಊಟದ ತಟ್ಟೆಯ ಎದುರಿಗೆ ಬರುವಾಗ ಆರಿ ಹೋಗಿರುತ್ತಿತ್ತು. ನನಗೆ ಉದಯಪುರ ಬೇಕಾದದ್ದು ಕೆರೆಗಾಗಿ ಅಲ್ಲ. ಕೆರೆಯನ್ನು ನೋಡುವಾಗ ಇವರೂ ನೋಡಬೇಕಾಗಿತ್ತು.

ಹೋಟೆಲು ಮುಚ್ಚಿದ ಸುದ್ದಿ ಕೇಳಿದ ಮಗಳು ಆ ರಾತ್ರಿ ಊಟಕ್ಕೆ ಕುಳಿತಾಗ ಸಂಧಾನಕ್ಕೆ ಬಂದಳು. ಅವಳ ಕನ್ನಡ ಹಿಂದಿಯ ಮೇಲೆ ಒರಗಿಕೊಂಡೇ ನಡೆಯುತ್ತದೆ.

"ಪಪ್ಪಾ, ಡೀಲ್ ಮಾಡುವ. ಎರಡು ದಿವಸ ಮಮ್ಮಿ ಜೊತೆ ಮುಂಬಯಿ ಘೂಮೋ. ಮಜಾ ಬರ್ಲಿಲ್ಲ ಅಂದ್ರೆ ನಾನೇ ಟಿಕೆಟ್ ಕ್ಯಾನ್ಸಲ್ ಮಾಡ್ತೇನೆ. ಪ್ರಾಮಿಸ್, ಮತ್ತೆ ಆ ಟಾಪಿಕ್ಕೇ ತೆಗೆಯುದಿಲ್ಲ."

"ಮುಂಬಯಿಯಲ್ಲಿ ಎಂತ ಉಂಟು ನೋಡ್ಲಿಕ್ಕೆ? ಇಲ್ಲೇ ಇದ್ದೇವಲ್ಲ" ಎಂದರು ಇವರು. ಆದರೆ ಒಪ್ಪಿದರು. ಕೆಲಸವಿಲ್ಲದ ಕೈಗಳನ್ನು ಎಲ್ಲಿಡುವುದೆಂದು ಆಗಲೇ ಅವರಿಗೆ ತಿಳಿಯದಾಗಿತ್ತು. ಆ ದಿನ ಸಂಜೆ ನಮ್ಮ ಅಡುಗೆಮನೆಯ ಡಬ್ಬಗಳನ್ನೆಲ್ಲ ಇಳಿಸಿ ಒರೆಸಿ, ನನಗೆ ಯಾವುದೂ ಸಿಗದ ಹಾಗೆ ಜೋಡಿಸಿಟ್ಟಿದ್ದರು.

ಮೊದಲ ದಿನಕ್ಕೆ ನಾನು ವಸಯಿಯ ಕೋಟೆ ಎಂದೆ. ಸಮುದ್ರದ ಪಕ್ಕ, ಹಳೆಯ ಇಗರ್ಜಿಗಳ ಗೋಡೆಗಳು, ಒಳಗೆ ಮರಗಳು ಬೆಳೆದಿವೆ ಎಂದು ಕೇಳಿದ್ದೆ. ಇವರು ತಟ್ಟನೆ ಒಪ್ಪಿದ್ದು ನೋಡಿ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಲೋಕಲ್ಲಿನಲ್ಲಿ ಇವರ ಮುಖ ಅರಳಿತ್ತು. ಒಂದೊಂದು ಸ್ಟೇಷನ್ ಬಂದಾಗಲೂ ಕಿಟಕಿಯಾಚೆ ಬೆರಳು ತೋರಿಸಿ ಹೇಳುತ್ತಿದ್ದರು: ಇಲ್ಲಿ ಚಿಕ್ಕಮ್ಮನ ಅಳಿಯನ ಹೋಟೆಲು, ಪೂರ್ವಕ್ಕೆ, ಇಲ್ಲಿ ಅಪ್ಪನ ಹಳೆಯ ಪಾಲುದಾರರದ್ದು, ಈಗ ಮಕ್ಕಳು ಬಾರ್ ಮಾಡಿದ್ದಾರೆ, ಇಲ್ಲಿ ಒಬ್ಬರು ನಮ್ಮ ಅಡುಗೆಯ ಭಟ್ಟರನ್ನೇ ಹಾರಿಸಿಕೊಂಡು ಹೋದರಲ್ಲ, ಅವರದ್ದು. ಮುಂಬಯಿ ಇವರಿಗೆ ಗೊತ್ತಿಲ್ಲವೆಂದಲ್ಲ. ಹೋಟೆಲಿನಿಂದ ಹೋಟೆಲಿಗೆ ಗೆರೆ ಎಳೆದು ಇವರು ಇಡೀ ಶಹರವನ್ನು ಮನಸ್ಸಿನಲ್ಲಿ ಬರೆದುಕೊಂಡಿದ್ದರು. ನಡುವಿನ ಜಾಗ ಮಾತ್ರ ಖಾಲಿ.

ವಸಯಿ ರೋಡ್‌ನಲ್ಲಿ ಇಳಿದ ಮೇಲೆ, "ಇಲ್ಲೇ ಭಾವನ ಹೋಟೆಲು. ಒಂದು ಕಾಫಿ ಕುಡಿದು ಹೋಗುವ, ಇಲ್ಲದಿದ್ದರೆ ಬೇಸರ ಮಾಡ್ತಾನೆ" ಎಂದರು. ಭಾವ ಎಂದರೆ ಇವರ ಸೋದರತ್ತೆಯ ಮಗ. ಬಾಗಿಲಲ್ಲಿ ನಮ್ಮನ್ನು ಕಂಡದ್ದೇ ಗಲ್ಲಾ ಬಿಟ್ಟು ಎದ್ದು ಬಂದರು. ಕಾಫಿಯ ಹಿಂದೆ ಗೋಳಿಬಜೆ ಬಂತು. ಬೆಂಗಳೂರಿನಿಂದ ತರಿಸಿದ ಹೊಸ ಗ್ರೈಂಡರು ನೋಡಲು ಇಬ್ಬರೂ ಒಳಗೆ ಹೋದರು. ಹೊರಗೆ ಬಂದವರು ಗ್ಯಾಸಿನ ಬಗ್ಗೆ, ಊರಿನ ಹುಡುಗರು ಈಗ ಕೆಲಸಕ್ಕೆ ಬಾರದ ಬಗ್ಗೆ, ಹಿಟ್ಟು ಹುಳಿಯಾಗುವ ಬಗ್ಗೆ ಮಾತಾಡಿದರು. ಊಟ ಮಾಡದೆ ಬಿಡುವುದಿಲ್ಲ ಎಂದರು ಭಾವ. ಊಟವಾದ ಮೇಲೆ ರಷ್ ಶುರುವಾಯಿತು. ಇವರು ಎದ್ದು, ಯಾರೂ ಹೇಳದಿದ್ದರೂ, ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕೂರಿಸತೊಡಗಿದರು. ನಾನು ಫ್ಯಾಮಿಲಿ ರೂಮಿನ ಮೂಲೆಯಲ್ಲಿದ್ದ ಮೀನಿನ ಪೆಟ್ಟಿಗೆಯನ್ನು ನೋಡುತ್ತ ಕುಳಿತೆ. ಅದರಲ್ಲಿ ಒಂದು ಮೀನು ಪ್ಲಾಸ್ಟಿಕ್ ಕೋಟೆಯ ಬಾಗಿಲೊಳಗೆ ಹೋಗಿ ಬರುತ್ತಿತ್ತು. ಅದಾದರೂ ಕೋಟೆ ನೋಡುತ್ತಿದೆಯಲ್ಲ ಅನ್ನಿಸಿ ನಗು ಬಂತು.

ಹೊರಟಾಗ ಬಿಸಿಲು ಇಳಿದಿತ್ತು, ಕೋಟೆಗೆ ಹೊತ್ತು ಉಳಿದಿರಲಿಲ್ಲ. ಮರಳಿ ಲೋಕಲ್ಲಿನಲ್ಲಿ ಇವರು ತೃಪ್ತಿಯಿಂದ, "ಒಳ್ಳೆದಾಯ್ತು ಅಲ್ವಾ?" ಎಂದರು.

"ಹೌದು. ಭಾವನ ಗ್ರೈಂಡರು ಬಹಳ ಪುರಾತನದ್ದು. ಗೋಡೆ ಮಾತ್ರ ಸ್ವಲ್ಪ ಪಾಳುಬಿದ್ದಿದೆ" ಎಂದೆ.

ಇವರಿಗೆ ಅರ್ಥವಾಗಲು ಒಂದು ಸ್ಟೇಷನ್ ಬೇಕಾಯಿತು. ಮತ್ತೆ ನಕ್ಕರು, ಆದರೆ ನಗು ಮುಗಿದ ಮೇಲೆ ಮೆಲ್ಲಗೆ ಹೇಳಿದರು, "ನೋಡು, ಇದು ನನ್ನ ಕೈಲಿ ಆಗುವುದಲ್ಲ. ಗೋಡೆ ಕಂಡರೆ ಗೋಡೆ ಅಂತ ಕಾಣ್ತದೆ, ಅಷ್ಟೆ. ನಿನ್ನ ಕಣ್ಣು ಬೇರೆ. ನಾಲ್ಕು ದಿನ ನಿನ್ನ ಹಿಂದೆ ಬ್ಯಾಗು ಹಿಡ್ಕೊಂಡು ನಿಂತು ನಿನ್ನ ಖುಷಿಯನ್ನೂ ಹಾಳು ಮಾಡ್ಲಿಕ್ಕೆ ಯಾಕೆ? ಮಗಳ ಹತ್ರ ಹೇಳುವ, ಕ್ಯಾನ್ಸಲ್ ಮಾಡಲಿ."

ಇದನ್ನು ಅವರು ಕೋಪದಿಂದ ಹೇಳಿದ್ದರೆ ಜಗಳವಾಡಬಹುದಿತ್ತು. ಹೇಳಿದ್ದು ಸೋತ ಧ್ವನಿಯಲ್ಲಿ. ಇನ್ನೊಂದು ದಿನ ಉಳಿದಿದೆಯಲ್ಲ, ಮಾತು ಎರಡು ದಿನದ್ದು ಎಂದಷ್ಟೇ ಹೇಳಿದೆ. ಆ ದಿನ ಹೋಗುವ ಜಾಗದಲ್ಲಿ ನಮ್ಮವರ ಹೋಟೆಲು ಇರಬಾರದು ಎಂಬುದು ನನ್ನ ಶರತ್ತು.

ಅಂಥ ಜಾಗ ಮುಂಬಯಿಯಲ್ಲಿ ಹುಡುಕುವುದು ಸುಲಭವಲ್ಲ. ಬೋರಿವಲಿಯ ಕಾಡಿನೊಳಗಿನ ಕನ್ಹೇರಿ ಗುಹೆಗಳು ಹೊಳೆದವು. ಬೌದ್ಧ ಭಿಕ್ಷುಗಳ ಕಾಲದಲ್ಲಿ ಅಲ್ಲಿ ಹೋಟೆಲು ಹಾಕಲು ಉಡುಪಿಯಿಂದ ಯಾರೂ ಹೋಗಿರಲಾರರು.

ಬೆಳಿಗ್ಗೆ ಇಡ್ಲಿ ಮಾಡಿದೆ. ಇಬ್ಬರಿಗೆ ಎಂದು ಶುರುಮಾಡಿದ್ದು, ಇವರು ಅಡುಗೆಮನೆಗೆ ಬಂದು ಹಿಟ್ಟು ನೋಡಿ, "ಇಷ್ಟೇ ಸಾಲ್ತದಾ?" ಎಂದು ಇನ್ನೆರಡು ಸಲ ಇಡ್ಲಿ ಇಡಿಸಿದರು. ಇವರಿಗೆ ಇಬ್ಬರಿಗೆ ಅಡುಗೆ ಎಂಬುದು ತಿಳಿಯುವುದೇ ಇಲ್ಲ. ಎರಡು ದೊಡ್ಡ ಸ್ಟೀಲ್ ಡಬ್ಬ, ಚಟ್ನಿಯದ್ದೊಂದು, ನೀರಿನ ಬಾಟಲಿ. ದಾದರ್‌ನಿಂದ ಬೋರಿವಲಿಯ ಫಾಸ್ಟ್ ಲೋಕಲ್ ಹಿಡಿದೆವು. ಹೆಂಗಸರ ಡಬ್ಬಿಯಲ್ಲಿ ನನಗೆ ಕಿಟಕಿ ಸಿಕ್ಕಿತು. ಎದುರಿಗೆ ಕುಳಿತವಳು ಕಣ್ಣುಮುಚ್ಚಿಯೇ ಮಲ್ಲಿಗೆ ಕಟ್ಟುತ್ತಿದ್ದಳು.

ಕಾಡಿನ ಗೇಟಿನೊಳಗೆ ಗುಹೆಗಳ ಬುಡದವರೆಗೆ ಬಸ್ಸು ಹೋಗುತ್ತದೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ಬಸ್ಸು ಹೊರಟು ಸ್ವಲ್ಪ ಹೊತ್ತಿನಲ್ಲೇ ಹಾರ್ನುಗಳ ಸದ್ದು ನಿಂತು ಜೀರುಂಡೆಗಳದ್ದು ಶುರುವಾಯಿತು. ಪೊದೆಗಳ ನಡುವೆ ಜೇಡನ ಬಲೆಗಳು, ಪ್ರತಿಯೊಂದರ ನಡುವೆ ಬೆಳಗಿನ ನೀರಿನ ಹನಿಗಳು. "ನೋಡಿ" ಎಂದೆ. ಇವರು ನೋಡಿದರು. "ಹ್ಞಾಂ, ಕಸ ಹೊಡೆಯದೆ ಹಾಗಾಗಿದೆ" ಎಂದರು. ತಮಾಷೆಗೋ ನಿಜಕ್ಕೋ ಎಂದು ನನಗೆ ತಿಳಿಯಲಿಲ್ಲ.

ಬಸ್ಸಿಳಿದ ಕಡೆ ಕಾಕಡಿ ಸೌತೆ ಮತ್ತು ಪೇರಲೆ ಮಾರುವ ಹೆಂಗಸರು, ಅವರ ಬುಟ್ಟಿಯ ಮೇಲೆ ಕಣ್ಣಿಟ್ಟ ಕೋತಿಗಳು. ಮೆಟ್ಟಿಲು ಹತ್ತಿ ಮೊದಲ ದೊಡ್ಡ ಗುಹೆಗೆ ಬಂದೆವು. ಒಳಗೆ ಕಾಲಿಟ್ಟ ಕೂಡಲೇ ಬಿಸಿಲು ಹೊರಗೇ ಉಳಿಯಿತು. ಎರಡು ಸಾಲು ಕಂಬಗಳು, ಕೊನೆಯಲ್ಲಿ ಕಲ್ಲಿನ ದುಂಡನೆಯ ಸ್ತೂಪ. ಕೆಲವು ಕಂಬಗಳ ತಲೆಯ ಮೇಲೆ ಆನೆಗಳನ್ನು ಕಡೆದಿದ್ದಾರೆ, ಕೆಲವು ಕಂಬಗಳನ್ನು ಅರ್ಧಕ್ಕೇ ಬಿಟ್ಟಿದ್ದಾರೆ. ಕಡೆಯುವವನಿಗೆ ಬೇಸರವಾಯಿತೋ, ಜ್ವರ ಬಂತೋ, ಊರಿಗೆ ಹೋದನೋ. ನನಗೆ ಪೂರ್ತಿಯಾದ ಕಂಬಗಳಿಗಿಂತ ಅವೇ ಹೆಚ್ಚು ಇಷ್ಟವಾದವು. ಹೊರಗಿನ ಪಡಸಾಲೆಯ ಎರಡೂ ಕೊನೆಗೆ ನಿಂತ ಎತ್ತರದ ಬುದ್ಧ. ಪಾದದ ಬೆರಳುಗಳು ಮಾತ್ರ ಮುಟ್ಟಿ ಮುಟ್ಟಿ ನುಣುಪಾಗಿವೆ. ನಾನು ಇದನ್ನೆಲ್ಲ ತೋರಿಸಿದೆ. ಇವರು ವಿಧೇಯತೆಯಿಂದ ತಲೆಯಾಡಿಸಿ, ಡಬ್ಬದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಆಯ್ತಾ?" ಎಂದರು. ಎರಡನೆಯ ಗುಹೆಯಲ್ಲೂ "ಆಯ್ತಾ?". ಮೂರನೆಯದರಲ್ಲಿ ನಾನೇ ಏನೂ ತೋರಿಸಲಿಲ್ಲ. ಮನಸ್ಸಿನಲ್ಲೇ ಆ ಬಣ್ಣದ ಗಾಜಿನ ಕಿಟಕಿಯನ್ನು ಮುಚ್ಚತೊಡಗಿದ್ದೆ.

ಮೇಲಿನ ಸಾಲಿಗೆ ಹೋಗುವ ಮೆಟ್ಟಿಲಲ್ಲಿ ಹಿಂದಿರುಗಿ ನೋಡಿದರೆ ಇವರಿಲ್ಲ. ಕೆಳಗೆ ಒಂದು ಕೋಣೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಸೊಂಟ ಹಿಡಿಯಿತೇನೋ ಎಂದು ಓಡಿದೆ. ಅವರು ಬಂಡೆಯಲ್ಲಿ ಕಡೆದ ಒಂದು ಸಣ್ಣ ಕಾಲುವೆಯಲ್ಲಿ ಬೆರಳಾಡಿಸುತ್ತಿದ್ದರು. ಮೇಲಿನ ಇಳಿಜಾರಿನಿಂದ ಮಳೆಯ ನೀರು ಆ ಗೀರಿನಲ್ಲಿ ಹರಿದು ಬಂದು, ತಿರುಗಿ, ಕೋಣೆಯ ಪಕ್ಕದ ಕಲ್ಲಿನ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿ ತುಂಬಿ ಹೆಚ್ಚಾದದ್ದು ಇನ್ನೊಂದು ಗೀರಿನಲ್ಲಿ ಕೆಳಗಿನ ತೊಟ್ಟಿಗೆ.

"ಇದು ನೋಡು ಮಾರಾಯ್ತಿ" ಎಂದರು. ಆ ಮೂರು ಶಬ್ದಕ್ಕೆ ನಾನು ಎಷ್ಟು ವರ್ಷ ಕಾದಿದ್ದೆನೋ ಅವರಿಗೆ ಗೊತ್ತಿರಲಿಲ್ಲ. "ಎಷ್ಟು ಚಂದ ಇಳುಕಲು ಕೊಟ್ಟಿದ್ದಾರೆ. ಎಲ್ಲಿಯೂ ನೀರು ನಿಲ್ಲುದಿಲ್ಲ. ನಮ್ಮ ಕಂಟ್ರಾಕ್ಟರನ್ನು ಇಲ್ಲಿಗೆ ಕರ್ಕೊಂಡು ಬಂದು ಒಂದು ದಿವಸ ಕೂರಿಸಬೇಕು."

ಅಲ್ಲಿಂದ ಮುಂದೆ ಇವರು ಮುಂದೆ, ನಾನು ಹಿಂದೆ. ಪ್ರತಿ ಕೋಣೆಯ ತೊಟ್ಟಿಗೆ ಇಣುಕಿದರು. ಒಂದರಲ್ಲಿ ಸಣ್ಣ ಕಪ್ಪೆಯೊಂದು ನಮ್ಮನ್ನು ನೋಡಿ ಮುಳುಗಿತು, ಮತ್ತೆ ತಾಳಲಾರದೆ ಮೇಲೆ ಬಂದು ನೋಡಿತು. ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಮಂಚದ ಮೇಲೆ ಇವರು ಒಮ್ಮೆ ಮಲಗಿಯೂ ನೋಡಿದರು. ತಲೆದಿಂಬು ಇಲ್ಲದ್ದೊಂದೇ ತೊಂದರೆ ಎಂದರು. ನಾನು ಪೂರಾ ಸೋತು ನಗುತ್ತಿದ್ದೆ.

ಹಾಗೆ ನಾವು ಆ ಉದ್ದನೆಯ ಗುಹೆಗೆ ಬಂದೆವು. ಸುತ್ತಲೂ ಸಣ್ಣ ಕೋಣೆಗಳು, ನಡುವೆ ವಿಶಾಲವಾದ ಹಾಲ್. ನೆಲದಿಂದ ಸ್ವಲ್ಪವೇ ಎತ್ತರದ ಎರಡು ಕಲ್ಲಿನ ಜಗಲಿಗಳು ಬಾಗಿಲ ಕಡೆಯಿಂದ ಒಳಗೋಡೆಯವರೆಗೆ ಒಂದಕ್ಕೊಂದು ಸಮನಾಗಿ ಓಡುತ್ತವೆ. ಅವುಗಳನ್ನು ಇಟ್ಟದ್ದಲ್ಲ, ಕಟ್ಟಿದ್ದಲ್ಲ. ಸುತ್ತಲಿನ ಬಂಡೆಯನ್ನು ತೆಗೆದು ಅವನ್ನು ಉಳಿಸಿದ್ದು. ಸಭೆ ಸೇರುವ ಜಾಗ ಇದು ಎಂದು ಯಾರೋ ಯಾರಿಗೋ ಹೇಳುತ್ತಿದ್ದರು. ಇವರು ಬಾಗಿಲಲ್ಲೇ ನಿಂತುಬಿಟ್ಟರು, ನಮ್ಮ ಹೋಟೆಲಿನ ಬಾಗಿಲಲ್ಲಿ ನಿಲ್ಲುವ ಹಾಗೆ, ಒಂದು ಕೈ ಸೊಂಟಕ್ಕೆ.

"ಸಭೆಯಂತೆ ಸಭೆ. ಇದು ಊಟದ ಹಾಲ್."

ನಡುವಿನ ದಾರಿಯಲ್ಲಿ ನಡೆದು ತೋರಿಸಿದರು. ಸಾರಿನವ ಹೋಗುವಾಗ ಅನ್ನದವ ಎದುರು ಬಂದರೂ ಮೈ ತಾಗುವುದಿಲ್ಲ. ಜಗಲಿಯ ಮೇಲೆ ಎಲೆ, ಆಚೆ ನೆಲದಲ್ಲಿ ಭಿಕ್ಷು; ಬಡಿಸುವವ ಬಗ್ಗಿದರೂ ಸೊಂಟ ನೋಯದಷ್ಟು ಎತ್ತರ. ಊಟವಾದ ಮೇಲೆ ಒಂದು ಕೊನೆಯಿಂದ ನೀರು ಹೊಯ್ದರೆ ಇನ್ನೊಂದು ಕೊನೆಗೆ ಸ್ವಚ್ಛ. "ಎಷ್ಟು ಪಂಕ್ತಿ ಎದ್ದಿರಬಹುದು ಇಲ್ಲಿ" ಎಂದರು. ಅವರ ಧ್ವನಿ ತಗ್ಗಿತ್ತು. ದೇವಸ್ಥಾನದಲ್ಲೂ ನಾನು ಆ ಧ್ವನಿ ಕೇಳಿದ್ದಿಲ್ಲ. ನನಗೂ ಆಗ ಖಾಲಿ ಗುಹೆಯೊಳಗೆ ಎಲೆಗಳು ಕಂಡವು, ಕಾವಿ ಬಟ್ಟೆಗಳು ಕಂಡವು, ಬಿಸಿ ಅನ್ನದ ಹಬೆ ಕಂಡಿತು. ನಾನೊಬ್ಬಳೇ ಬಂದಿದ್ದರೆ ಬೆಳಕು ಬೀಳುವ ಅಂದ ನೋಡಿ ಹೋಗಿರುತ್ತಿದ್ದೆ.

ಆಗ ಬಾಗಿಲಲ್ಲಿ ಕನ್ನಡ ಕೇಳಿಸಿತು. ಒಬ್ಬ ಗಂಡಸು, ಅವನ ಹೆಂಡತಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ ಅವನ ತಾಯಿ. ಮುದುಕಿ ಬಂದವಳೇ ಕಲ್ಲಿನ ಜಗಲಿಯ ಮೇಲೆ ಕುಳಿತಳು.

"ಯಪ್ಪಾ, ಇನ್ನ ನಾ ಏಳಂಗಿಲ್ಲ ನೋಡು. ಇಲ್ಲೇ ಬಿಟ್ಟು ಹೋಗ್ರಿ, ನಾನೂ ಒಬ್ಬಾಕಿ ಮೂರ್ತಿ ಆಗಿ ಕುಂಡ್ರತೀನಿ" ಎಂದಳು ಮಗನಿಗೆ.

ನಾನು ನಕ್ಕದ್ದು ನೋಡಿ ಸೊಸೆ, "ನೀವೂ ಕನ್ನಡದವ್ರೇನ್ರೀ ಅಕ್ಕಾರ?" ಎಂದಳು. ಬಾಗಲಕೋಟೆ ಕಡೆಯವರಂತೆ. ಮಗ ಕಾಂದಿವಲಿಯಲ್ಲಿ ಎದ್ದು ನಿಲ್ಲುತ್ತಿರುವ ಒಂದು ಬಿಲ್ಡಿಂಗಿನಲ್ಲಿ ಗಾರೆ ಕೆಲಸದ ಗೌಂಡಿ. ಅವತ್ತು ಸೈಟಿಗೆ ರಜೆ. ಊರಿನಿಂದ ಬಂದ ತಾಯಿಗೆ ಮುಂಬಯಿ ತೋರಿಸಲು ಕರೆತಂದಿದ್ದ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ತಿನ್ನಿಸಬೇಕು ಎಂದು ಸೊಸೆ ಬುತ್ತಿಯ ಗಂಟಿಗೆ ಕೈಹಾಕಿದಳು.

ಅಷ್ಟು ಸಾಕಾಯಿತು. ಹಸಿದವರು, ಎರಡು ಸಾಲು ಆಸನ, ಕೈಯಲ್ಲಿ ಇಡ್ಲಿಯ ಡಬ್ಬ. ನನ್ನ ಗಂಡನೊಳಗೆ ಏನೋ ಸ್ವಿಚ್ಚು ಬಿತ್ತು. "ಅಜ್ಜಿ, ಸ್ವಲ್ಪ ಆಚೆ ಸರೀರಿ, ಆ ಕೊನೆಯಿಂದ ಸುರುಮಾಡುವ" ಎಂದವರೇ ಮೂವರನ್ನೂ ಜಗಲಿಯ ಆಚೆ ಸಾಲಾಗಿ ಕೂರಿಸಿದರು. ಸೊಸೆಯ ರೊಟ್ಟಿಗಳನ್ನೇ ತಟ್ಟೆಯಂತೆ ಮುಂದಿಟ್ಟು ಅದರ ಮೇಲೆ ಇಡ್ಲಿ ಇಡುತ್ತ ಬಂದರು. ನನ್ನ ಕಡೆ ನೋಡದೆಯೇ "ಚಟ್ನಿ" ಎಂದರು. ನಾನೂ ಸಪ್ಲಾಯರಿನ ಹಾಗೆ ಹಿಂದೆ ಹೋದೆ. ಇಷ್ಟರಲ್ಲಿ ಒಳಗೆ ಬಂದ ಕಾಲೇಜು ಹುಡುಗಿಯರ ಗುಂಪೊಂದು ಇದೇನೋ ಇಲ್ಲಿಯ ಪದ್ಧತಿ ಎಂದುಕೊಂಡಿತು. "ಅಂಕಲ್, ಪ್ರಸಾದ್ ಹೈ ಕ್ಯಾ?" ಎಂದು ಒಬ್ಬಳು ಕೇಳಿದಳು. ಇವರು ಅವಳಿಗೆ ಎದುರಿನ ಸಾಲು ತೋರಿಸಿದರು. ಅವರೂ ಕುಳಿತರು. ಅವರ ಹಿಂದೆ ಗುಜರಾತಿ ದಂಪತಿ ಚಪ್ಪಲಿ ಬಿಟ್ಟು ಕೈ ಮುಗಿದು ಕುಳಿತರು.

ಆಗ ಸೀಟಿ ಕೇಳಿಸಿತು. ಬಾಗಿಲಲ್ಲಿ ಕಾವಲುಗಾರ ನಿಂತಿದ್ದ. ಗುಹೆಯೊಳಗೆ ಯಾರೂ ತಿನ್ನುವಂತಿಲ್ಲ. ನಮಗೆ ಅದು ನೆನಪಿಗಾದರೂ ಬರಬೇಕಿತ್ತು. ಇವರು ತಿರುಗಿದರು. ಬಾಗಿಲಲ್ಲಿ ನಿಂತು ಕಾಯುತ್ತಿರುವ ಮನುಷ್ಯನನ್ನು ಕಂಡಾಗ ಇವರ ಬಾಯಿಂದ ಜೀವಮಾನದಲ್ಲಿ ಹೊರಟ ಮಾತು ಒಂದೇ. ಅದೇ ಹೊರಟಿತು.

"ದೋ ಮಿನಿಟ್ ಭಾಯ್‌ಸಾಬ್, ಜಗಹ್ ಹೋ ರಹೀ ಹೈ."

ಎರಡೇ ನಿಮಿಷ, ಜಾಗ ಖಾಲಿಯಾಗುತ್ತಿದೆ ಎಂದು ಗಿರಾಕಿಗೆ ಹೇಳುವ ಆ ಮಾತು ಕೇಳಿ ಕಾವಲುಗಾರ ಸೀಟಿ ಬಾಯಲ್ಲಿಟ್ಟುಕೊಂಡೇ ನಿಂತ. ಊದಲಿಕ್ಕೂ ಆಗಲಿಲ್ಲ, ತೆಗೆಯಲಿಕ್ಕೂ ಆಗಲಿಲ್ಲ. ಮತ್ತೆ ಅವನಿಗೆ ನಗು ತಡೆಯದೆ ಸೀಟಿ ಕೆಳಗೆ ಬಿತ್ತು. ಮೊದಲು ಹುಡುಗಿಯರು ನಕ್ಕರು, ಆಮೇಲೆ ಅರ್ಥವಾಗದೆಯೂ ಮುದುಕಿ ನಕ್ಕಳು. ಗುಹೆ ಆ ನಗುವನ್ನು ಎರಡೆರಡು ಮಾಡಿ ನಮಗೇ ಹಿಂದಿರುಗಿಸಿತು. ಇವರು ಕಿವಿಯವರೆಗೆ ಕೆಂಪಾಗಿ, ಕಾವಲುಗಾರನ ಕ್ಷಮೆ ಕೇಳಿ, ಜಗಲಿಯ ಮೇಲೆ ಒಂದು ಅಗುಳೂ ಉಳಿಯದ ಹಾಗೆ ತಮ್ಮ ಕರವಸ್ತ್ರದಲ್ಲಿ ಒರೆಸಿದರು. ಒರೆಸುವಾಗಲೂ ಕೊನೆಯಿಂದ ಕೊನೆಗೆ, ಒಂದೇ ಕೈಯಲ್ಲಿ.

ಕೆಳಗಿಳಿದು, ತಿನ್ನಬಹುದಾದ ಜಾಗದಲ್ಲಿ, ಒಂದು ಮರದ ಬುಡದಲ್ಲಿ ಎಲ್ಲರೂ ಕುಳಿತೆವು. ಕೋತಿಗಳನ್ನು ಕಾಯುವ ಕೆಲಸ ಹುಡುಗಿಯರದ್ದು. ನಮ್ಮ ಇಡ್ಲಿ ಅವರಿಗೆ, ಅವರ ರೊಟ್ಟಿ ನಮಗೆ. ಶೇಂಗಾ ಚಟ್ನಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತು, ಆದರೂ ಮತ್ತೊಮ್ಮೆ ಕೇಳಿದೆ. ಮುದುಕಿ ಇಡ್ಲಿಯನ್ನು ಬೆರಳಿನಿಂದ ಒತ್ತಿ, "ಹತ್ತಿ ಉಂಡಿ ಇದ್ದಂಗ ಐತಿ" ಎಂದು ಹೊಗಳಿದಳು. ಗೌಂಡಿ ಹೆಚ್ಚು ಮಾತಾಡುವವನಲ್ಲ. ಊಟವಾದ ಮೇಲೆ ಮೇಲಿನ ಗುಹೆಗಳ ಕಡೆ ನೋಡುತ್ತ ಇವರಿಗೆ ಹೇಳಿದ:

"ನಾವು ಕೂಡಿಸಿ ಕೂಡಿಸಿ ಕಟ್ಟತೀವ್ರಿ. ಇವ್ರು ತಗದು ತಗದು ಕಟ್ಟ್ಯಾರ. ಒಂದ್ ಏಟು ಜಾಸ್ತಿ ಬಿದ್ರ ಮತ್ತ ಹಚ್ಚಾಕ ಬರಂಗಿಲ್ಲ."

ಅವರನ್ನು ಬೀಳ್ಕೊಟ್ಟ ಮೇಲೆ, ಇವರು ಬಸ್ಸಿನ ಕಡೆ ಹೋಗುತ್ತಾರೆ ಎಂದುಕೊಂಡರೆ, ಮತ್ತೆ ಮೆಟ್ಟಿಲು ಹತ್ತತೊಡಗಿದರು. ನೆತ್ತಿಯವರೆಗೆ ಹೋಗುವ, ಅಲ್ಲಿಂದ ಏನು ಕಾಣ್ತದೆ ನೋಡುವ ಎಂದರು. ಬೆಟ್ಟದ ಮೇಲೆ ಗಾಳಿಗೆ ಹುಲ್ಲು ಒಂದೇ ಕಡೆ ಬಾಚಿದಂತೆ ಬಾಗಿತ್ತು. ಕೆಳಗೆ ಕಾಡು, ಕಾಡಿನಾಚೆ ಶಹರ. ದೂರದಿಂದ ಬಿಲ್ಡಿಂಗುಗಳು ಯಾರೋ ತೊಳೆದು ಒಣಗಲು ಬೋರಲಿಟ್ಟ ಲೋಟಗಳ ಹಾಗಿದ್ದವು. ಇದು ನನ್ನ ಹೋಲಿಕೆಯಲ್ಲ, ಇವರದ್ದು. ನಾನು ಗಿಡುಗವೊಂದನ್ನು ತೋರಿಸಿದೆ. ರೆಕ್ಕೆ ಬಡಿಯದೆ ಅದು ನಮಗಿಂತ ಕೆಳಗೆ ತೇಲುತ್ತಿತ್ತು. "ಹಕ್ಕಿಯ ಬೆನ್ನು ನೋಡಿದ್ದು ಇದೇ ಮೊದಲು" ಎಂದರು. ಅದು ಕಣ್ಮರೆಯಾಗುವವರೆಗೂ ನೋಡಿದರು. "ಆಯ್ತಾ?" ಎನ್ನಲಿಲ್ಲ.

ಅಲ್ಲಿಗೇ ಮಗಳ ಫೋನು ಬಂತು. ನನ್ನ ಫೋನಿಗೆ. ಸಂಜೆಯೊಳಗೆ ಕ್ಯಾನ್ಸಲ್ ಮಾಡಿದರೆ ಒಳ್ಳೆಯದು, ಪಪ್ಪನನ್ನು ಕೇಳು ಎಂದಳು. ವಸಯಿಯ ಕಥೆ ಅವಳಿಗೆ ಗೊತ್ತಿತ್ತು, ಧ್ವನಿಯಲ್ಲಿ ಆಸೆಯಿರಲಿಲ್ಲ. ನನಗೆ ಕೇಳಲು ಧೈರ್ಯವಾಗಲಿಲ್ಲ. ಫೋನನ್ನು ಇವರ ಕೈಗೆ ಕೊಟ್ಟೆ, ಮತ್ತು ಗಿಡುಗ ಹೋದ ದಿಕ್ಕಿಗೆ ಮುಖ ಮಾಡಿದೆ.

"ಟಿಕೆಟು ಮುಟ್ಟಬೇಡ" ಎಂದರು ಇವರು. "ಒಂದು ಕೆಲಸ ಮಾಡು. ಅಲ್ಲಿ ಅರಮನೆ ಉಂಟಲ್ಲ, ಅದರ ಅಡುಗೆಮನೆ ನೋಡ್ಲಿಕ್ಕೆ ಬಿಡ್ತಾರಾ ಅಂತ ವಿಚಾರಿಸಿ ಇಡು."

ಮಗಳು ಫೋನನ್ನು ನನ್ನ ಕೈಗೆ ಕೊಡಿಸಿ, "ಮಮ್ಮಿ, ಪಪ್ಪಾನ ಏನ್ ಮಾಡಿದಿ ನೀನು? ಸಚ್ ಬೋಲ್" ಎಂದಳು. ನಾನು ಏನೂ ಮಾಡಿರಲಿಲ್ಲ. ಇಷ್ಟು ವರ್ಷ ನನ್ನ ಕಣ್ಣಿನಿಂದ ಇವರಿಗೆ ತೋರಿಸಲು ಹೋಗುತ್ತಿದ್ದೆ, ಅವರಿಗೂ ಒಂದು ಕಣ್ಣಿದೆ ಎಂಬುದು ನನಗೇ ಹೊಳೆದಿರಲಿಲ್ಲ. ಗಾಳಿ ಜಾಸ್ತಿ, ಕೇಳಿಸುವುದಿಲ್ಲ ಎಂದು ಇಟ್ಟುಬಿಟ್ಟೆ.

ಉದಯಪುರದ ಮೊದಲ ಬೆಳಿಗ್ಗೆ ನಾನು ಎದ್ದಾಗ ಪಕ್ಕದ ಹಾಸಿಗೆ ಖಾಲಿ ಇತ್ತು. ಕಿಟಕಿಯ ಗಾಜುಗಳ ಕೆಂಪು ಹಸಿರು ನೆಲದ ಮೇಲೆ ಬಿದ್ದಿತ್ತು, ಆಚೆ ಕೆರೆಯ ಮೇಲೆ ಮಂಜು. ಹಳೆಯ ಚಾಳಿ, ಫೋನು ಹಿಡಿದು ಹೋಟೆಲಿಗೆ ಮಾತಾಡಲು ಹೊರಗೆ ಹೋಗಿರಬೇಕು ಎಂದುಕೊಂಡೆ. ಫೋನು ಮೇಜಿನ ಮೇಲೇ ಇತ್ತು. ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ದಡದಡ ಸದ್ದಾಗಿ ಇವರು ಬಾಗಿಲು ತಳ್ಳಿದರು. ಮಫ್ಲರು ಅರ್ಧ ಬಿಚ್ಚಿಹೋಗಿತ್ತು, ಚಪ್ಪಲಿಯ ತುಂಬ ಇಬ್ಬನಿಯ ಹುಲ್ಲು.

"ಬೇಗ ಏಳು ಮಾರಾಯ್ತಿ. ಕೆಳಗೆ ಓಣಿಯಲ್ಲಿ ಕಚೋರಿಯವ ಎಣ್ಣೆ ಇಟ್ಟಿದ್ದಾನೆ. ಒಂದೂ ತಿರುವಿ ಹಾಕುದಿಲ್ಲ, ಅದೇ ತಿರುಗ್ತದೆ. ಬಾ, ನೀನು ನೋಡಬೇಕು."

ನಾನು ಕೂದಲು ಕಟ್ಟಿಕೊಳ್ಳುತ್ತಲೇ ಇಳಿದೆ.